ಕಚೇರಿಗೊಂದು ಪರದೆ, ಪರದೆಗೊಂದು ಕಾನೂನು: ಅವ್ವನ ಹೆಸರಿಗೆ ಬಾಲ ಅಂಟಿಸಿದವರು ಯಾರು?

ನಮ್ಮವ್ವನ ಹೆಸರು ಹಾಲಮ್ಮ. ಅಷ್ಟೇ. ಹಿಂದೆ ಇನಿಷಿಯಲ್ ಇಲ್ಲ, ಮುಂದೆ ಅಡ್ಡಹೆಸರಿಲ್ಲ. ಅರವತ್ತೈದು ವರ್ಷ ಈ ಒಂಟಿ ಹೆಸರಿನಲ್ಲೇ ಅವಳ ಮದುವೆಯಾಗಿದೆ, ಮಕ್ಕಳಾಗಿವೆ, ಸೊಸೈಟಿ ಸಾಲ ಹುಟ್ಟಿದೆ, ತೀರಿದೆ. ಯಾವ ಹಾಲಮ್ಮ ಅಂತ ಊರಿನಲ್ಲಿ ಯಾರೂ ಕೇಳಿದವರಲ್ಲ. ಕೇಳಿದ್ದು ಕಂಪ್ಯೂಟರು.

ಅವಳದೊಂದು ಅರ್ಜಿ ಹಾಕಬೇಕಿತ್ತು. ಯಾವ ಇಲಾಖೆ ಎಂಬುದು ಇಲ್ಲಿ ಬೇಡ, ಏಕೆಂದರೆ ಈ ರೋಗ ಒಂದು ಇಲಾಖೆಯದಲ್ಲ. ಸೈಬರ್ ಸೆಂಟರಿನ ಹುಡುಗ ಪರದೆ ತೆರೆದ. ಹೆಸರಿಗೆ ಎರಡು ಚೌಕ: ಮೊದಲ ಹೆಸರು, ಕೊನೆಯ ಹೆಸರು. ಎರಡನೆಯದರ ಪಕ್ಕದಲ್ಲಿ ಕೆಂಪು ನಕ್ಷತ್ರ. ಅಂದರೆ ತುಂಬಲೇಬೇಕು, ತುಂಬದಿದ್ದರೆ ಮುಂದಕ್ಕೆ ಬಿಡುವುದಿಲ್ಲ. 'ಅಣ್ಣಾ, ಎಲ್ಲಾರೂ ಹಿಂಗೇ ಮಾಡ್ತಾರೆ' ಅಂದವನೇ ಎರಡನೇ ಚೌಕದಲ್ಲೂ ಹಾಲಮ್ಮ ಅಂತಲೇ ಹೊಡೆದ. ಅವ್ವ ಹಾಲಮ್ಮ ಹಾಲಮ್ಮ ಆದಳು. ಅದಕ್ಕೂ ಮುಂಚೆ ಬೇರೊಂದು ಕಚೇರಿಯ ಪರದೆಯಲ್ಲಿ ಒಂದೇ ಚೌಕವಿದ್ದುದರಿಂದ ಅಲ್ಲಿ ಬರೀ ಹಾಲಮ್ಮ ಆಗಿದ್ದಳು. ಮೂರನೆಯದರಲ್ಲಿ ಇನಿಷಿಯಲ್ ಕಡ್ಡಾಯ. ಅಲ್ಲಿ ತೀರಿಹೋದ ಅಪ್ಪನ ಹೆಸರಿನ ಮೊದಲಕ್ಷರ ಸೇರಿ ಹಾಲಮ್ಮ ಬಿ. ಕಡೆಗೆ ಮೂರೂ ಕಾಗದ ಒಂದೇ ಮೇಜಿನ ಮೇಲೆ ಕೂಡಿದಾಗ ಉತ್ತರ ಬಂತು: ಹೆಸರು ತಾಳೆಯಾಗುತ್ತಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ಮೂವರೂ ಒಬ್ಬಳೇ ಎಂಬ ಅಫಿಡವಿಟ್ಟು, ಅದಕ್ಕೆ ಇ-ಸ್ಟಾಂಪು, ನೋಟರಿ, ಜೆರಾಕ್ಸು, ಸೈಬರಿನವನ ಫೀಜು, ಎರಡು ದಿನದ ಬಸ್ ಚಾರ್ಜು. ಗುಮಾಸ್ತೆಯನ್ನು ಬೈಯೋಣವೆಂದರೆ ಆಕೆ ಪರದೆಯಲ್ಲಿ ಕಂಡಿದ್ದನ್ನೇ ಹೇಳಿದ್ದು. ಸೈಬರ್ ಹುಡುಗನನ್ನು ಬೈಯೋಣವೆಂದರೆ ಅವನೂ ನಕ್ಷತ್ರಕ್ಕೆ ಹೆದರಿದವನೇ. ತಪ್ಪು ಆ ಚೌಕದ್ದು. ಚೌಕ ಹೇಗಿರಬೇಕೆಂದು ಮೂರು ಕಡೆ ಮೂವರು, ಒಬ್ಬರನ್ನೊಬ್ಬರು ಕೇಳದೆ ತೀರ್ಮಾನ ಮಾಡಿದ್ದಾರೆ.

ಲೈಬ್ರರಿ ಅಂದರೆ ಪುಸ್ತಕವಲ್ಲ

ಸಾಫ್ಟ್‌ವೇರ್ ಮಂದಿಯ ಭಾಷೆಯಲ್ಲಿ ಯೂಸರ್ ಇಂಟರ್‌ಫೇಸ್ ಲೈಬ್ರರಿ ಎಂಬ ಮಾತಿದೆ. ಪಿಯುಸಿ ಅರ್ಧಕ್ಕೆ ಬಿಟ್ಟ ನನಗೆ ಅದು ತಲೆಗೆ ಹೋಗಿದ್ದು ಒಬ್ಬ ಬಡಗಿಯ ಮಳಿಗೆಯಲ್ಲಿ ಕೂತಾಗ. ಮೊದಲು ಪ್ರತಿ ಮನೆಗೂ ಬಾಗಿಲು, ಕಿಟಕಿ, ಚಿಲಕ ಎಲ್ಲಾ ಅಳತೆ ತೆಗೆದು ಹೊಸದಾಗಿ ಮಾಡುತ್ತಿದ್ದರು. ಈಗ ಮಾಡಿಟ್ಟದ್ದನ್ನು ತಂದು ಕೂರಿಸುತ್ತಾರೆ. ಸಾಫ್ಟ್‌ವೇರಿನಲ್ಲೂ ಹಾಗೆಯೇ. ಗುಂಡಿ, ಹೆಸರಿನ ಚೌಕ, ತಾರೀಖಿನ ಚೌಕ, ಜಿಲ್ಲೆ-ತಾಲ್ಲೂಕಿನ ಪಟ್ಟಿ, ತಪ್ಪಾದಾಗ ಬರುವ ಕೆಂಪಕ್ಷರದ ಮಾತು, ಇವನ್ನೆಲ್ಲಾ ಒಂದು ಸಲ ಸರಿಯಾಗಿ ಮಾಡಿ ಒಂದು ಕಡೆ ಇಟ್ಟರೆ ಎಲ್ಲರೂ ಅಲ್ಲಿಂದಲೇ ಎತ್ತಿಕೊಳ್ಳಬಹುದು. ಆ ಉಗ್ರಾಣವೇ ಲೈಬ್ರರಿ.

ಒಂದೇ ಸಂಸ್ಥೆಯಲ್ಲಿ ಹತ್ತು ಉಗ್ರಾಣವಿದ್ದರೆ ಏನಾಗುತ್ತದೆ ಎಂಬುದನ್ನು ದೊಡ್ಡ ದೊಡ್ಡ ಕಂಪನಿಗಳೂ ಅನುಭವಿಸಿವೆ. ಅಮೆರಿಕದ ಟ್ವಿಟರ್ ಕಂಪನಿಯೊಳಗೆ ಒಬ್ಬೊಬ್ಬ ಎಂಜಿನಿಯರು ಒಂದೊಂದು ಲೈಬ್ರರಿ ಹಿಡಿದು ಕೂತಿದ್ದರು. ಒಂದಕ್ಕೊಂದು ಹೊಂದುತ್ತಿರಲಿಲ್ಲ, ರಿಪೇರಿಯೂ ತಲೆನೋವಾಗಿತ್ತು. ಆಗ ಅಲ್ಲಿದ್ದ ಮಾರ್ಕ್ ಓಟೋ ಮತ್ತು ಜೇಕಬ್ ಥಾರ್ನ್‌ಟನ್ ಎಂಬಿಬ್ಬರು ಒಂದೇ ಸಾಮಾನ್ಯ ಲೈಬ್ರರಿ ಕಟ್ಟಿದರು. 2011ರ ಆಗಸ್ಟ್‌ನಲ್ಲಿ ಅದನ್ನು ಬೂಟ್‌ಸ್ಟ್ರಾಪ್ ಎಂಬ ಹೆಸರಿನಲ್ಲಿ ಪುಕ್ಕಟೆಯಾಗಿ ಜಗತ್ತಿಗೇ ಬಿಟ್ಟರು. ತಮ್ಮ ಮನೆಯ ಜಗಳ ಬಗೆಹರಿಸಲು ಮಾಡಿದ್ದು ಊರಿಗೆಲ್ಲಾ ಉಪಯೋಗಕ್ಕೆ ಬಂತು.

ಇದರ ಲಾಭವನ್ನು ಮಂಡಿಪೇಟೆಯವರಿಗೆ ವಿವರಿಸಬೇಕಾಗಿಲ್ಲ. ಟ್ಯಾಲಿ ಮುಂದೆ ಕೂತ ಲೆಕ್ಕದ ಗುಮಾಸ್ತನನ್ನು ನೋಡಿ. ಎಫ್8 ಒತ್ತಿದರೆ ಮಾರಾಟ, ಎಫ್9 ಒತ್ತಿದರೆ ಖರೀದಿ. ಅಕ್ಕಿ ಅಂಗಡಿ ಬಿಟ್ಟು ಹಾರ್ಡ್‌ವೇರ್ ಅಂಗಡಿ ಸೇರಿದರೂ ಎಫ್8 ಎಫ್8ಏ. 2020ರಲ್ಲಿ ಕಂಪನಿಯವರು ಟ್ಯಾಲಿ ಪ್ರೈಮ್ ಅಂತ ಹೊಸ ರೂಪ ತಂದಾಗಲೂ ಈ ಎರಡು ಕೀಲಿಗೆ ಕೈ ಹಚ್ಚಲಿಲ್ಲ. ಹಚ್ಚಿದ್ದರೆ ಮಂಡಿಪೇಟೆಯಲ್ಲಿ ಗಲಾಟೆಯೇ ಆಗುತ್ತಿತ್ತು! ಬಸ್ಸಿನವರಿಗಾದರೆ ಇನ್ನೂ ಸುಲಭ. ಡ್ರೈವರು ಇವತ್ತು ಲೇಲ್ಯಾಂಡ್ ಹತ್ತಲಿ, ನಾಳೆ ಟಾಟಾ ಹತ್ತಲಿ, ಕ್ಲಚ್ಚು ಎಡಕ್ಕೆ, ಬ್ರೇಕು ನಡುವೆ, ಆಕ್ಸಿಲರೇಟರು ಬಲಕ್ಕೆ. ಡಿಪೋಗೊಂದು ಜಾಗದಲ್ಲಿ ಬ್ರೇಕು ಇಟ್ಟಿದ್ದರೆ ನಾವು ನೀವು ಹತ್ತುತ್ತಿದ್ದೆವೇ?

ಸೈಟು ಒಂದು, ಪರದೆ ಎಷ್ಟು?

ಆದರೆ ಸರಕಾರದ ಸಾಫ್ಟ್‌ವೇರಿಗೆ ನಾವು ದಿನಾ ಹತ್ತುತ್ತಲೇ ಇದ್ದೇವೆ. ಊರಾಚೆ ಒಂದು ತುಂಡು ಜಮೀನೋ ಸೈಟೋ ಕೊಳ್ಳಲು ಹೊರಟ ಅಂಗಡಿಯವನ ಪಾಡು ನೋಡಿ. ಪಹಣಿಗೆ ಭೂಮಿ, ನಕ್ಷೆಗೆ ಮೋಜಿಣಿ. ಸೈಟು ಪಂಚಾಯ್ತಿಯದಾದರೆ ಇ-ಸ್ವತ್ತು, ನಗರದ್ದಾದರೆ ಇ-ಆಸ್ತಿ. ನೋಂದಣಿಗೆ ಕಾವೇರಿ. 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತಾ ಕಡ್ಡಾಯವಾದ ಮೇಲಂತೂ ಒಂದರ ಕಾಗದ ಇನ್ನೊಂದಕ್ಕೆ ತಾಳೆಯಾಗದಿದ್ದರೆ ವ್ಯವಹಾರವೇ ನಿಂತುಹೋಗುತ್ತದೆ.

ಇವೆಲ್ಲಾ ಕೆಟ್ಟ ಕೆಲಸ ಅಂತ ನಾನು ಹೇಳುತ್ತಿಲ್ಲ. ಭೂಮಿ ಬರುವ ಮುಂಚೆ ಕೈಬರಹದ ಪಹಣಿಗಾಗಿ ಶಾನುಭೋಗರ ಜಗಲಿ ಕಾದವರಿಗೆ ಅದರ ಬೆಲೆ ಗೊತ್ತು. ಆದರೆ ಹುಟ್ಟಿದ ರೀತಿ ನೋಡಿ. ಭೂಮಿ ಬಂದದ್ದು 2000ದ ಸುಮಾರಿಗೆ, ಮಾಡಿದವರು ಕೇಂದ್ರದ ಎನ್‌ಐಸಿ. ಕಾವೇರಿ ಮೊದಲು ಬಂದದ್ದು 2003ರಲ್ಲಿ, ಮಾಡಿದವರು ಸಿ-ಡ್ಯಾಕ್. 2023ರಲ್ಲಿ ಕಾವೇರಿ 2.0 ಅಂತ ಹೊಸ ಅವತಾರವಾಯಿತು. ಒಂದೊಂದು ಕಾಲದಲ್ಲಿ ಒಂದೊಂದು ಇಲಾಖೆ, ಒಬ್ಬೊಬ್ಬರ ಕೈಲಿ ಕಟ್ಟಿಸಿತು. ಅಣ್ಣತಮ್ಮಂದಿರು ಪಾಲಾದ ಮೇಲೆ ಕಟ್ಟಿದ ಮನೆಗಳಂತೆ ಗೋಡೆಗೆ ಗೋಡೆ ತಾಗಿದೆ, ಬಾಗಿಲು ಮಾತ್ರ ಒಂದೊಂದು ದಿಕ್ಕಿಗೆ.

ನಡುವೆ ಒಂದು ಒಳ್ಳೆಯ ಪ್ರಯತ್ನವೂ ಆಗಿದೆ. ಸೇವಾ ಸಿಂಧು ನಿಂತಿರುವುದು ಎನ್‌ಐಸಿಯವರ ಸರ್ವಿಸ್ ಪ್ಲಸ್ ಎಂಬ ಒಂದೇ ಚೌಕಟ್ಟಿನ ಮೇಲೆ. ಹತ್ತಾರು ಇಲಾಖೆಯ ಅರ್ಜಿ ಅಲ್ಲಿ ಹೆಚ್ಚುಕಡಿಮೆ ಒಂದೇ ಅಚ್ಚಿನವು. ವಿದ್ಯಾರ್ಥಿಗಳ ಬಸ್ ಪಾಸಿನ ಅರ್ಜಿ ತುಂಬಿದ ಹುಡುಗನಿಗೆ 2023ರಲ್ಲಿ ಮನೆಯ ಗೃಹಜ್ಯೋತಿ ಅರ್ಜಿ ತುಂಬುವುದು ಪೂರ್ತಿ ಹೊಸದೇನೂ ಆಗಿರಲಿಲ್ಲ. ಆ ದಿನಗಳಲ್ಲಿ ಸರ್ವರ್ ಮಲಗಿತ್ತು ಎಂಬುದು ಬೇರೆ ಕಥೆ.

ಮಿಕ್ಕ ಕಡೆ ಪರದೆಯನ್ನು ಸರಿಮಾಡುವ ಬದಲು ಪರದೆಯ ಮುಂದೆ ಕೂರುವ ಒಬ್ಬನನ್ನು ಕೊಟ್ಟರು. ಗ್ರಾಮ ಒನ್ ಕೇಂದ್ರಗಳ ಪ್ರಯೋಗ 2020ರಲ್ಲಿ ನಡೆದದ್ದು ನಮ್ಮ ದಾವಣಗೆರೆ ಜಿಲ್ಲೆಯಲ್ಲೇ. ಹಳ್ಳಿಯ ಜನಕ್ಕೆ ಅದರಿಂದ ಅನುಕೂಲವಾಗಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ಕೂತವನ ಬಂಡವಾಳವೇನು? ಯಾವ ಪೋರ್ಟಲಿನಲ್ಲಿ ತಾರೀಖನ್ನು ಹೇಗೆ ಹೊಡೆಯಬೇಕು, ಯಾವುದರಲ್ಲಿ ಫೋಟೋ ಎಷ್ಟು ಕೆಬಿ ಇರಬೇಕು, ಯಾವುದರಲ್ಲಿ ಹೆಸರಿಗೆ ಬಾಲ ಬೇಕು ಎಂಬ ಗುಟ್ಟು. ಆ ಗುಟ್ಟು ಕಲಿಯುವ ಖರ್ಚು ಯಾವ ಬಜೆಟ್ಟಿನಲ್ಲೂ ಕಾಣುವುದಿಲ್ಲ ಸ್ವಾಮಿ. ಅರ್ಜಿಗೆ ಇಷ್ಟು ಅಂತ ನಮ್ಮ ಜೇಬಿನಿಂದ ಹೋಗುತ್ತದೆ.

ಬ್ರಿಟನ್ನಿನವರ ಇಲಿ ಚಕ್ರದ ಪಾಠ

ಇದಕ್ಕೆ ಮದ್ದು ಅರೆದವರು ಬ್ರಿಟನ್ ಸರಕಾರದವರು. ಅಲ್ಲೂ ಇಲಾಖೆಗೊಂದು ವೆಬ್‌ಸೈಟು, ಸೈಟಿಗೊಂದು ವೇಷ ಇತ್ತು. 2012ರ ಅಕ್ಟೋಬರ್‌ನಲ್ಲಿ ಗವ್ ಡಾಟ್ ಯುಕೆ ಎಂಬ ಒಂದೇ ತಾಣ ತೆರೆದರು. ಮುಂದಿನ ಎರಡು ವರ್ಷದಲ್ಲಿ ಮುನ್ನೂರಕ್ಕೂ ಹೆಚ್ಚು ಸರಕಾರಿ ಸಂಸ್ಥೆಗಳು ತಮ್ಮ ತಮ್ಮ ಬೋರ್ಡು ಇಳಿಸಿ ಅದರೊಳಗೆ ಬಂದವು. ಅರ್ಜಿಗಳ ಬಿಡಿಭಾಗಕ್ಕೂ ಸಾಮಾನ್ಯ ಉಗ್ರಾಣ ಮಾಡಿದರು. ಮೊದಮೊದಲು ಅದೇ ಎರಡು ಮೂರು ತುಂಡಾಗಿ, ಯಾವುದನ್ನು ಎಲ್ಲಿಂದ ಎತ್ತಬೇಕೆಂಬ ಗೊಂದಲವಾಯಿತು. ಏಕರೂಪ ತರಲು ಹೊರಟವರಿಗೇ ಏಕರೂಪ ಸಿಗಲಿಲ್ಲ ನೋಡಿ! 2018ರಲ್ಲಿ ಎಲ್ಲವನ್ನೂ ಕೂಡಿಸಿ ಒಂದೇ ಡಿಸೈನ್ ಸಿಸ್ಟಮ್ ಮಾಡಿದರು.

ಅಲ್ಲಿ ಹುಟ್ಟಿದ ತಾರೀಖು ಕೇಳುವಾಗ ಕ್ಯಾಲೆಂಡರ್ ತೋರಿಸಿ ನಲವತ್ತು ವರ್ಷ ಹಿಂದಕ್ಕೆ ಒತ್ತಿಸುವುದಿಲ್ಲ. ದಿನ, ತಿಂಗಳು, ವರ್ಷ ಅಂತ ಮೂರು ಚೌಕ, ನೀವೇ ಬರೆಯಿರಿ. ಹೆಸರಿಗೆ ಸಾಧ್ಯವಾದಷ್ಟೂ ಒಂದೇ ಚೌಕ ಇಡಿ ಎಂದು ಬರೆದಿಟ್ಟಿದ್ದಾರೆ, ಏಕೆಂದರೆ ಜಗತ್ತಿನ ಎಲ್ಲರ ಹೆಸರೂ ಎರಡು ತುಂಡಾಗಿರುವುದಿಲ್ಲ. ಇದನ್ನು ಓದಿದಾಗ ನಮ್ಮವ್ವನ ನೆನಪಾಗದೆ ಇದ್ದೀತೇ?

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಅಂಕಿ ತುಂಬುವ ಚೌಕಕ್ಕೆ ಬ್ರೌಸರಿನಲ್ಲಿ ಒಂದು ವಿಶೇಷ ಬಗೆ ಇದೆ. ಅದರಲ್ಲಿ ಅಂಕಿ ಹೊಡೆದ ಮೇಲೆ ಪುಟ ಸರಿಸಲು ಅಂತ ಮೌಸಿನ ಚಕ್ರ ತಿರುಗಿಸಿದರೆ ಅಂಕಿಯೇ ಮೇಲೆ ಕೆಳಗೆ ಆಗಿಬಿಡಬಹುದು, ತುಂಬಿದವನಿಗೆ ಗೊತ್ತೇ ಆಗುವುದಿಲ್ಲ. ಸರ್ವೆ ನಂಬರು 47 ಅಂತ ಹೊಡೆದದ್ದು 46 ಆದರೆ? ಕುರುಡರು ಬಳಸುವ, ಪರದೆ ಓದಿ ಹೇಳುವ ಸಾಫ್ಟ್‌ವೇರಿಗೂ ಆ ಚೌಕ ಸರಿಹೋಗುತ್ತಿರಲಿಲ್ಲ. ಇದೆಲ್ಲಾ ಕಂಡು 2020ರಲ್ಲಿ ಬ್ರಿಟನ್ನಿನ ಆ ತಂಡ ತನ್ನ ಉಗ್ರಾಣದಲ್ಲಿ ಆ ಚೌಕದ ಬಗೆಯನ್ನೇ ಬದಲಿಸಿತು. ಸಾದಾ ಅಕ್ಷರದ ಚೌಕ, ಫೋನಿನಲ್ಲಿ ಮಾತ್ರ ಅಂಕಿಯ ಕೀಲಿಮಣೆ ಬರುವಂತೆ. ಉಗ್ರಾಣದಲ್ಲಿ ಒಂದು ಕಡೆ ಸರಿಮಾಡಿದ್ದು, ಅದರ ಹೊಸ ಪ್ರತಿ ಎತ್ತಿಕೊಂಡ ಎಲ್ಲಾ ಇಲಾಖೆಗೂ ತಲುಪುತ್ತದೆ. ನಮ್ಮಲ್ಲಾದರೆ? ಇಂಥ ಒಂದು ತಪ್ಪು ಹತ್ತು ಪೋರ್ಟಲಿನಲ್ಲಿದ್ದರೆ ಹತ್ತು ಕಡೆ ದೂರು, ಹತ್ತು ಗುತ್ತಿಗೆದಾರರು, ಹತ್ತು ಬಿಲ್ಲು.

ಪ್ರತಿ ಎತ್ತಿಕೊಂಡ ಎಂಬ ಮಾತನ್ನು ಗಮನಿಸಿ. ಎತ್ತಿಕೊಳ್ಳದಿದ್ದರೆ ಹಳೆ ತಪ್ಪು ಹಾಗೇ ಕೂತಿರುತ್ತದೆ. ಉಗ್ರಾಣ ಕಟ್ಟಿದ ಮಾತ್ರಕ್ಕೆ ಊಟವಾಗುವುದಿಲ್ಲ.

ಕಾಗದ ಇದೆ, ಕರಾರಿನಲ್ಲಿ ಇಲ್ಲ

ನಮ್ಮ ದೇಶದಲ್ಲಿ ಯಾರಿಗೂ ಇದು ಹೊಳೆದೇ ಇಲ್ಲ ಅಂದುಕೊಳ್ಳಬೇಡಿ. ಸರಕಾರಿ ವೆಬ್‌ಸೈಟು ಹೇಗಿರಬೇಕು ಎಂಬ ಮಾರ್ಗಸೂಚಿ 2009ರಲ್ಲೇ ಬಂದಿದೆ. ಅದರ ಮೂರನೇ ಆವೃತ್ತಿ 2023ರಲ್ಲಿ ಬಂತು. ದಿಲ್ಲಿಯ ರಾಷ್ಟ್ರೀಯ ಇ-ಆಡಳಿತ ವಿಭಾಗದವರು ಯುಎಕ್ಸ್‌ಫೋರ್‌ಜಿ ಹೆಸರಿನ ಸಿದ್ಧ ಬಿಡಿಭಾಗದ ಉಗ್ರಾಣವನ್ನೇ ತೆರೆದಿಟ್ಟಿದ್ದಾರೆ. 2025ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರ ತನ್ನ ತಾಣಗಳಿಗೆಲ್ಲಾ ಬಣ್ಣ, ಅಕ್ಷರ, ಲಾಂಛನ ಒಂದೇ ಇರಬೇಕೆಂದು ಡಿಜಿಟಲ್ ಬ್ರಾಂಡ್ ಐಡೆಂಟಿಟಿ ಮ್ಯಾನ್ಯುಯಲ್ ಹೊರಡಿಸಿತು.

ಹಾಗಿದ್ದ ಮೇಲೂ ಮಂಡಿಪೇಟೆಯ ಸೈಬರಿನವರೆಗೆ ಅದು ಯಾಕೆ ಬರಲಿಲ್ಲ? ನನ್ನ ಲೆಕ್ಕದಲ್ಲಿ ಟೆಂಡರೇ ಮುಖ್ಯ ಕಾರಣ. ಇಲಾಖೆ ಟೆಂಡರ್ ಕರೆಯುವಾಗ ಏನು ಕೇಳುತ್ತದೆ? ಇಷ್ಟು ಸೇವೆ, ಇಷ್ಟು ತಿಂಗಳು, ಇಷ್ಟು ದುಡ್ಡು. ಗೆದ್ದ ಕಂಪನಿ ತನ್ನ ಹುಡುಗರಿಗೆ ಬರುವ ಲೈಬ್ರರಿ ತಂದು ಕೂರಿಸುತ್ತದೆ, ಗುತ್ತಿಗೆ ಮುಗಿದ ಮೇಲೆ ಎದ್ದುಹೋಗುತ್ತದೆ. ಮುಂದೆ ಬಂದವನಿಗೆ ಅದು ಅರ್ಥವಾಗುವುದಿಲ್ಲ, ಮತ್ತೆ ಬುಡದಿಂದ ಶುರು. ಸಾಮಾನ್ಯ ಉಗ್ರಾಣದ್ದೇ ಬಳಸತಕ್ಕದ್ದು, ಬಳಸದಿದ್ದರೆ ಬಿಲ್ಲಿಲ್ಲ ಎಂಬ ಎರಡು ಸಾಲು ಕರಾರಿನಲ್ಲಿ ಇಲ್ಲದಿದ್ದರೆ ಯಾವ ಮಾರ್ಗಸೂಚಿಯಾದರೂ ಗೋಡೆಯ ಮೇಲಿನ ಸುಭಾಷಿತವೇ.

ಎರಡನೇ ತೊಂದರೆ, ಏಕರೂಪ ಅಂದರೆ ಸುಣ್ಣಬಣ್ಣ ಅಂತ ತಿಳಿದಿರುವುದು. ಎಲ್ಲಾ ತಾಣಕ್ಕೂ ಒಂದೇ ನೀಲಿ ಬಳಿದು, ನೆತ್ತಿಯ ಮೇಲೆ ಮಾನ್ಯರ ಭಾವಚಿತ್ರ ಸಾಲಾಗಿ ಕೂರಿಸಿದರೆ ಏಕರೂಪವಾಯಿತೆಂದು ಸಭೆಯಲ್ಲಿ ಚಪ್ಪಾಳೆ ಬೀಳಬಹುದು. ಕೆಳಗಿನ ಚೌಕ ಹಾಗೆಯೇ ಇದ್ದರೆ ಹಾಲಮ್ಮನಿಗೇನು ಬಂತು ಭಾಗ್ಯ?

ಒತ್ತಕ್ಷರದ ಕಾಲು ಕತ್ತರಿಸಬೇಡಿ

ಇಲ್ಲಿ ನಮ್ಮ ಭಾಷೆಯ ಪಾಡನ್ನೂ ಹೇಳಲೇಬೇಕು. ಈ ಲೈಬ್ರರಿಗಳಲ್ಲಿ ಹೆಚ್ಚಿನವು ಇಂಗ್ಲಿಷಿನ ಅಳತೆಗೆ ಹೊಲಿದ ಅಂಗಿ. ಗುಂಡಿಯ ಮೇಲೆ ನೆಕ್ಸ್ಟ್ ಅಂತ ನಾಲ್ಕಕ್ಷರ ಕೂರುವ ಜಾಗದಲ್ಲಿ 'ಮುಂದುವರಿಯಿರಿ' ಕೂರಬೇಕು. ಕೂರದಿದ್ದರೆ ಅರ್ಧಕ್ಕೆ ಕತ್ತರಿಸಿ ಮೂರು ಚುಕ್ಕಿ. ಸಾಲಿನ ಎತ್ತರ ಇಂಗ್ಲಿಷಿನ ಲೆಕ್ಕದ್ದಾದ್ದರಿಂದ ಕೆಳಗಿನ ಒತ್ತಕ್ಷರಕ್ಕೆ ಜಾಗವೇ ಸಾಲುವುದಿಲ್ಲ. ರಾಷ್ಟ್ರೀಯ ಎಂಬುದರ ಕಾಲು ತುಂಡಾಗಿ ನಿಂತಿದ್ದನ್ನು ನೀವೂ ಕಂಡಿರಬಹುದು. ಕನ್ನಡ ಸರಿಯಾಗಿ ಕಾಣುವುದಿಲ್ಲ ಅಂತ ಜನ ಮೇಲಿನ ಮೂಲೆಯಲ್ಲಿ ಇಂಗ್ಲಿಷ್ ಒತ್ತುತ್ತಾರೆ. ಆಮೇಲೆ ಕನ್ನಡ ಆವೃತ್ತಿಯನ್ನು ಯಾರೂ ಬಳಸುವುದೇ ಇಲ್ಲ ಅಂತ ಅಧಿಕಾರಿಗಳು ಲೆಕ್ಕ ತೋರಿಸುತ್ತಾರೆ!

ಉಗ್ರಾಣದಲ್ಲಿ ಒಂದು ಸಲ ಕನ್ನಡಕ್ಕೆ ಸರಿಯಾದ ಅಳತೆ ಇಟ್ಟರೆ ಎಲ್ಲಾ ಇಲಾಖೆಯಲ್ಲೂ ಸರಿಹೋಗುತ್ತದೆ. ಇಡದಿದ್ದರೆ ಎಲ್ಲಾ ಕಡೆ ಒಟ್ಟಿಗೇ ಕೆಡುತ್ತದೆ. ಏಕರೂಪದ ಕತ್ತಿಗೆ ಎರಡೂ ಕಡೆ ಬಾಯಿ. ಅದಕ್ಕೇ ಅದನ್ನು ಬೆಂಗಳೂರಿನ ಎಸಿ ಕೋಣೆಯಲ್ಲಿ ಮಾತ್ರ ಪರೀಕ್ಷಿಸಬಾರದು ಅನ್ನುವುದು. ಒಂದು ದಿನ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಕೂತು, ಒಡೆದ ಗಾಜಿನ ಫೋನು ಹಿಡಿದವರ ಕೈಲಿ ತುಂಬಿಸಿ ನೋಡಲಿ.

ಕನ್ನಡದವರಿಗೆ ಇಂಥ ಕೆಲಸ ಹೊಸತಲ್ಲ. ನಾನು ಪತ್ರಿಕೆ ಸೇರಿದ ಹೊಸದರಲ್ಲಿ ತಾಲ್ಲೂಕು ವರದಿಗಾರರಿಂದ ಒಂದೊಂದು ಫಾಂಟಿನಲ್ಲಿ ಸುದ್ದಿ ಬರುತ್ತಿತ್ತು. ಹರಿಹರದ ಸುದ್ದಿ ತೆರೆದರೆ ಸರಿಯಾಗಿ ಕಾಣುತ್ತಿತ್ತು, ಚನ್ನಗಿರಿಯದು ತೆರೆದರೆ ಇರುವೆ ಹರಿದಾಡಿದಂತೆ. ಡಿಟಿಪಿ ಆಪರೇಟರು ಮತ್ತೆ ಕೈಯಲ್ಲೇ ಟೈಪು ಮಾಡುತ್ತಿದ್ದ. ಆ ಕಾಟ ತಪ್ಪಿದ್ದು ಯೂನಿಕೋಡ್ ಬಂದ ಮೇಲೆ. ಕೀಲಿಮಣೆಯ ವಿಷಯದಲ್ಲೂ ಅಷ್ಟೇ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ರಾಜ್ಯ ಸರಕಾರವೇ ಒಪ್ಪಿ ಅಧಿಕೃತ ಮಾಡಿತು, ನುಡಿ ತಂತ್ರಾಂಶದ ಮೂಲಕ ಕಚೇರಿ ಕಚೇರಿಗೆ ಹೋಯಿತು. ಅಂದರೆ ಮನಸ್ಸು ಮಾಡಿದರೆ ಆಗುತ್ತದೆ.

ಎಲ್ಲವನ್ನೂ ಒಂದೇ ಅಚ್ಚಿಗೆ ಹಾಕುವುದೂ ಬೇಡ

ಹಾಗಂತ ಎಲ್ಲಾ ಪರದೆಯೂ ಅವಳಿಜವಳಿಯಾಗಬೇಕು ಎಂಬ ಹಟ ನನ್ನದಲ್ಲ. ವರ್ಷಕ್ಕೊಮ್ಮೆ ಅರ್ಜಿ ಹಾಕುವ ನಮಗೆ ದೊಡ್ಡ ಗುಂಡಿ, ಪುಟಕ್ಕೊಂದು ಪ್ರಶ್ನೆ ಒಳ್ಳೆಯದು. ದಿನಕ್ಕೆ ನೂರಾರು ಅರ್ಜಿ ನೋಡುವ ಗುಮಾಸ್ತೆಗೆ ಅದನ್ನೇ ಕೊಟ್ಟರೆ ಆಕೆಯ ಬೆರಳು ಸವೆದುಹೋಗುತ್ತದೆ, ಕ್ಯೂ ಬಾಗಿಲಾಚೆ ಬರುತ್ತದೆ. ಆಕೆಗೆ ಬೇಕಾದ್ದು ಟ್ಯಾಲಿಯಂಥದ್ದು, ಮೌಸು ಮುಟ್ಟದೆ ಕೀಲಿಯಲ್ಲೇ ಓಡುವಂಥದ್ದು. ಒಳಗಿನ ಪರದೆಗೊಂದು ಅಚ್ಚು, ಹೊರಗಿನದಕ್ಕೊಂದು ಅಚ್ಚು ಇರಲಿ, ಆದರೆ ಹೆಸರು, ತಾರೀಖು, ಸರ್ವೆ ನಂಬರು ಎರಡರಲ್ಲೂ ಒಂದೇ ರೀತಿ ಕೂರಲಿ.

ಹಳೆಯದನ್ನೆಲ್ಲಾ ಒಂದೇ ಏಟಿಗೆ ಕೆಡವಿ ಕಟ್ಟಿ ಎಂದರೂ ತಪ್ಪು. 2017ರ ಜುಲೈನಲ್ಲಿ ಜಿಎಸ್‌ಟಿ ಪೋರ್ಟಲ್ ಒಮ್ಮೆಗೇ ಎದುರಾದಾಗ ವರ್ತಕರು ಪಟ್ಟ ಪಾಡು ಮಂಡಿಪೇಟೆ ಇನ್ನೂ ಮರೆತಿಲ್ಲ. ಜನ ಹೆಚ್ಚು ತುಳಿಯುವ ನಾಲ್ಕೈದು ಅರ್ಜಿಯಿಂದ ಶುರು ಮಾಡಲಿ. ಮಿಕ್ಕವು ಗುತ್ತಿಗೆ ಮುಗಿದು ಹೊಸದಾಗುವಾಗ ಸೇರಿಕೊಳ್ಳಲಿ. ಉಗ್ರಾಣಕ್ಕೆ ಒಂದು ಕಾಯಂ ತಂಡ ಬೇಕು. ಬೇಡದ ಕೆಂಪು ನಕ್ಷತ್ರ ಕಂಡರೆ, ಅದು ಯಾವ ಇಲಾಖೆಯದೇ ಆಗಿರಲಿ, ತೆಗೆಸುವ ಅಧಿಕಾರ ಆ ತಂಡಕ್ಕಿರಬೇಕು. ಅಧಿಕಾರಿ ವರ್ಗವಾದೊಡನೆ ಕರಗಿಹೋಗುವ ಸಮಿತಿಯಿಂದ ಇದು ಆಗುವ ಮಾತಲ್ಲ.

ಮಾನ್ಯ ಶಾಸಕರು ಸದನದಲ್ಲಿ ರಸ್ತೆ, ಚರಂಡಿಯ ಪ್ರಶ್ನೆ ಕೇಳುತ್ತಾರೆ, ಕೇಳಲೂಬೇಕು. ಮುಂದಿನ ಸಲ ಇದೊಂದನ್ನೂ ಕೇಳಲಿ: ರಾಜ್ಯದಲ್ಲಿ ಜನ ತುಂಬುವ ಪೋರ್ಟಲುಗಳೆಷ್ಟು, ಅವುಗಳಲ್ಲಿ ಹೆಸರನ್ನು ಎಷ್ಟು ರೀತಿಯಲ್ಲಿ ಕೇಳಲಾಗುತ್ತಿದೆ?

ಅವ್ವನ ಅಫಿಡವಿಟ್ಟನ್ನು ಕಡೆಗೆ ಒಪ್ಪಿಕೊಂಡರು, ಕೆಲಸವೂ ಆಯಿತು. ಪರದೆಯಲ್ಲಿನ ಹೆಸರು ಮಾತ್ರ ಬದಲಾಗಿಲ್ಲ, ತಿದ್ದಲು ಬೇರೆ ಅರ್ಜಿಯಂತೆ. ಮೊನ್ನೆ ಆ ಕಚೇರಿಯಿಂದ ಫೋನಿಗೆ ಮೆಸೇಜು ಬಂತು. ಪ್ರಿಯ ಹಾಲಮ್ಮ ಹಾಲಮ್ಮ ಅಂತ ಶುರುವಾಗಿತ್ತು. ಓದಿ ಹೇಳಿದೆ. 'ಒಂದ್ಸಲ ಕರೆದ್ರೆ ಕೇಳ್ಸಲ್ವೇನೋ ನಂಗೆ' ಅಂತ ಅವ್ವ ನಕ್ಕಳು.